ಗುಂಯ್‌ಗುಡುವ ರಸ್ತೆ

ರಾಮಾ ಗಾಂವಕರರ ಮನೆಯಲ್ಲಿ ಯಾವ ವಸ್ತುವೂ ತಾನಾಗಿ ಕೆಟ್ಟದ್ದಿಲ್ಲ. ಮಿಕ್ಸರ್ ಸುಟ್ಟರೆ ಅದು ಕರೆಂಟಿನವರ ತಪ್ಪು. ಮಾಡು ಸೋರಿದರೆ ಹೆಂಚಿನ ಮೇಲೆ ಆರೋಪವಿಲ್ಲ, ಈ ವರ್ಷ ಮಳೆಯೇ ಓರೆಯಾಗಿ ಬೀಳುತ್ತಿದೆ. ಒಮ್ಮೆ ಅವರ ಕೈಗಡಿಯಾರ ಹಿಂದೆ ಬಿದ್ದು ಕಚೇರಿಗೆ ತಡವಾಗಿ ಹೋದಾಗ, ಗೋಡೆಯ ಗಡಿಯಾರವೇ ಅವಸರ ಮಾಡುತ್ತಿದೆ ಎಂದು ಜವಾನನ ಕೈಯಲ್ಲಿ ಅದನ್ನು ಇಳಿಸಿ ತಿದ್ದಿಸಿದ್ದರು. ಆ ದಿನ, ಅವರು ಹೆಡ್ ಕ್ಲಾರ್ಕ್ ಆಗಿದ್ದ ಅಂಕೋಲೆಯ ಸಹಕಾರಿ ಸಂಘದವರೆಲ್ಲ ಕತ್ತಲಾದ ಮೇಲೆ ಮನೆಗೆ ಹೋದರು. ಹೆಡ್ ಕ್ಲಾರ್ಕಿನ ಕೈಗಡಿಯಾರ ತಪ್ಪು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಥವರು ಕಾರು ಕೊಂಡರು. ಹೊಸದಲ್ಲ. ಮಾಜಾಳಿಯ ಒಬ್ಬಾತ ದಿನವೂ ಗೋವಾಕ್ಕೆ ಕೆಲಸಕ್ಕೆ ಹೋಗಿಬಂದು ಸಾಕಷ್ಟು ಓಡಿಸಿದ್ದ ಕಾರು. ಮಾರುವಾಗ ಆತ ಬಾನೆಟ್ಟಿನ ಮೇಲೆ ಕೈಯಿಟ್ಟು, "ನಿಮ್ಮಂಥವರ ಕೈಗೇ ಹೋಗ್ಲಿ ಅಂತ ಇಷ್ಟು ದಿವ್ಸ ಕಾದದ್ದು" ಎಂದು ಕಣ್ಣೊರೆಸಿಕೊಂಡಿದ್ದ. ಆ ಕಣ್ಣೀರು ಯಾವುದಕ್ಕೆ ಎಂದು ಗಾಂವಕರರು ಆಗ ಯೋಚಿಸಲಿಲ್ಲ. ಶಿರವಾಡದ ತಮ್ಮ ಮನೆಯೆದುರು ಕಾರು ನಿಲ್ಲಿಸಿ, ಬೀದಿಯವರೆಲ್ಲ ನೋಡಿ ಮುಗಿಸುವವರೆಗೂ ಅದನ್ನು ಒರೆಸಿದರು.

ಶಬ್ದ ಶುರುವಾದದ್ದು ಒಂದು ಭಾನುವಾರ. ಗಾಂವಕರರು ಹೆಂಡತಿ ಹೀರಾಳನ್ನು ಕೂರಿಸಿಕೊಂಡು ಅವರ್ಸಾದಲ್ಲಿದ್ದ ಅತ್ತೆ ಹೊನ್ನಮ್ಮನ ಮನೆಗೆ ಹೊರಟಿದ್ದರು. ಕಾರವಾರ ದಾಟಿ ಸುರಂಗದೊಳಗೆ ಹೊಕ್ಕದ್ದೇ ತಡ, ಕಾರಿನ ಹಿಂಭಾಗದಿಂದ 'ಗುಂಯ್' ಎಂದು ಯಾರೋ ಬಾಯಿ ಮುಚ್ಚಿಕೊಂಡು ರಾಗ ಎಳೆದಂತೆ ಕೇಳಿತು.

"ಹೋಯ್, ಎಂಥಾ ಶಬ್ದ ಅದು?" ಹೀರಾ ಕೇಳಿದಳು.

"ಸುರಂಗದ್ದು. ಗಾಳಿ ತಿರುಗ್ತದೆ ಒಳಗೆ."

ಸುರಂಗ ಮುಗಿಯಿತು. ಶಬ್ದ ಮುಗಿಯಲಿಲ್ಲ. ವೇಗ ಹೆಚ್ಚಿಸಿದರೆ ರಾಗ ಮೇಲೇರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. ಅಮದಳ್ಳಿ ಹತ್ತಿರ ರಸ್ತೆ ಬಲಕ್ಕೆ ತಿರುಗಿದಲ್ಲಿ ಜೋರಾಯಿತು, ಎಡಕ್ಕೆ ತಿರುಗಿದಲ್ಲಿ ಸಣ್ಣದಾಯಿತು.

"ಗಾಡಿದೇ ಶಬ್ದ ಇದು. ಹಿಂದೆ ಚಕ್ರದ ಕಡೆಯಿಂದ ಬತ್ತದೆ," ಎಂದಳು ಹೀರಾ.

ಗಾಂವಕರರು ಹೆಂಡತಿಯ ಕಡೆ ಕನಿಕರದಿಂದ ನೋಡಿದರು. "ಸ್ವಲ್ಪ ತಲೆ ಓಡ್ಸು. ನಮ್ಮ ಶಿರವಾಡ ರಸ್ತೆಲಿ ಈ ಶಬ್ದ ಇತ್ತಾ?"

"ಇಲ್ಲ."

"ಹೆದ್ದಾರಿಗೆ ಬಂದಮೇಲೆ ಬಂತಾ?"

"ಬಂತು."

"ಗಾಡಿ ಅದೇ, ನಾನೂ ಅದೇ, ನೀನೂ ಅದೇ. ಬದಲಾದದ್ದು ಎಂಥಾ? ರಸ್ತೆ. ಹಾಗಾದ್ರೆ ತಪ್ಪು ಯಾರದು?"

ಶಿರವಾಡದ ರಸ್ತೆಯಲ್ಲಿ ಹೊಂಡ ತಪ್ಪಿಸುತ್ತ ಎಮ್ಮೆಯ ಹಿಂದೆ ಎಮ್ಮೆಯಷ್ಟೇ ವೇಗದಲ್ಲಿ ಹೋಗುತ್ತೇವಲ್ಲ, ಶಬ್ದ ಎಲ್ಲಿಂದ ಬರಬೇಕು ಎಂದು ಕೇಳಬೇಕೆಂದಿದ್ದಳು ಹೀರಾ. ಆದರೆ ಗಂಡ ಆಗಲೇ ಬಲತಿರುವಿನ ರಹಸ್ಯ ವಿವರಿಸುತ್ತಿದ್ದರು: ಗುತ್ತಿಗೆದಾರ ಎಡತಿರುವುಗಳನ್ನು ಚೆನ್ನಾಗಿ ಮಾಡಿ, ಬಲತಿರುವುಗಳಲ್ಲಿ ತಿಂದು ಹಾಕಿದ್ದಾನೆ.

ಸಂಜೆ ವಾಪಸು ಬರುವಾಗ ಅವೇ ತಿರುವುಗಳು ತಿರುಗುಮುರುಗಾಗಿ, ಬೆಳಿಗ್ಗೆ ಸುಮ್ಮನಿದ್ದ ಕಡೆ ಈಗ ಗುಂಯ್‌ಗುಟ್ಟಿತು. ಹೀರಾ ಹುಬ್ಬೇರಿಸಿದಳು.

"ಹೋಗೂ ರಸ್ತೆ ಬೇರೆ, ಬರೂ ರಸ್ತೆ ಬೇರೆ," ಎಂದರು ಗಾಂವಕರರು. "ಚತುಷ್ಪಥ."

ಇಷ್ಟಾದರೂ ಹೆಂಡತಿಯ ಸಮಾಧಾನಕ್ಕೆಂದು ಮರುದಿನ ಶಿರವಾಡದ ತಿರುವಿನಲ್ಲಿದ್ದ ಭಾಸ್ಕರನ ಗ್ಯಾರೇಜಿಗೆ ಹೋದರು. ಭಾಸ್ಕರ ಕಾರಿನ ಕಡೆ ತಿರುಗಿಯೂ ನೋಡದೆ ಹೇಳಿದ: "ಬೇರಿಂಗ್ ಹೋಗಿದೆ, ಬಾಬಾ."

ಇದಕ್ಕಿಂತ ದೊಡ್ಡ ಸಮಾಧಾನ ಗಾಂವಕರರಿಗೆ ಬೇಕಿರಲಿಲ್ಲ. ಏಕೆಂದರೆ ಭಾಸ್ಕರ ಎಲ್ಲದಕ್ಕೂ ಬೇರಿಂಗ್ ಹೋಗಿದೆ ಎನ್ನುವವನೆಂದು ಊರಿಗೇ ಗೊತ್ತಿತ್ತು. ಹಾರ್ನ್ ಕೂಗದಿದ್ದರೆ ಬೇರಿಂಗ್. ಎಸಿ ತಣ್ಣಗಾಗದಿದ್ದರೆ ಬೇರಿಂಗ್. ಡಾಕ್ಟರರ ಕಾರಿನ ಬಾಗಿಲು ಹಾಕಿಕೊಳ್ಳದಿದ್ದಾಗಲೂ ಅವನು ಚಕ್ರವನ್ನೇ ಬಿಚ್ಚಿದ್ದ. ತನ್ನ ಹೆಂಡತಿಯ ಮಂಡಿನೋವಿಗೂ ಅದನ್ನೇ ಹೇಳಿ ಎರಡು ದಿನ ಹೋಟೆಲಿನಲ್ಲಿ ಉಂಡವನು ಅವನು. ಹಾಗಾಗಿ ಭಾಸ್ಕರ ಬೇರಿಂಗ್ ಎಂದನೆಂದರೆ, ಆ ಗಾಡಿಯಲ್ಲಿ ಬೇರಿಂಗ್ ಮಾತ್ರ ಚೆನ್ನಾಗಿದೆ ಎಂದು ಶಿರವಾಡದವರು ತಿಳಿಯುತ್ತಿದ್ದರು.

"ನೋಡಿದ್ಯಾ?" ಎಂದು ಗಾಂವಕರರು ಮನೆಗೆ ಬಂದು ಹೀರಾಳಿಗೆ ಹೇಳಿದರು. "ಗಾಡಿದಲ್ಲ ಅಂತ ಭಾಸ್ಕರನೇ ಹೇಳಿದ ಹಾಗಾಯ್ತು."

ಮುಂದಿನ ಭಾನುವಾರ ಹೊನ್ನಮ್ಮನನ್ನು ಅಂಕೋಲೆ ಪೇಟೆಗೆ ಕರೆದೊಯ್ಯುವ ಸಂದರ್ಭ ಬಂತು. ಹೊನ್ನಮ್ಮ ಹಿಂದಿನ ಸೀಟಿನ ಎಡಗಡೆ ಕೂತರು. ಅವರ್ಸಾ ದಾಟಿ ವೇಗ ಏರುತ್ತಿದ್ದಂತೆ ಸೀಟು ಸಣ್ಣಗೆ ನಡುಗತೊಡಗಿತು. ಅವರು ಕಣ್ಣು ಮುಚ್ಚಿ "ಅಬ್ಬಾ..." ಎಂದರು.

"ಹೆದ್ರಿಕೆ ಆತದ್ಯೇ ಅಬ್ಬೆ?" ಹೀರಾ ಕೇಳಿದಳು.

"ಹೆದ್ರಿಕೆಯಾ? ಸೊಂಟಕ್ಕೆ ಎಷ್ಟು ಹಿತ ಆತದೆ ಗೊತ್ತಾ! ಎಣ್ಣೆ ತಿಕ್ಕಿದ್ರೂ ಬಿಡದ ನೋವು. ಅಳಿಯನೋರೇ, ಇನ್ನೂ ಸ್ವಲ್ಪ ಜೋರಾಗಿ ಬಿಡಿ."

ಗಾಂವಕರರು ಜೋರಾಗಿ ಬಿಟ್ಟರು. ಅಂದಿನಿಂದ ಆ ಎಡಗಡೆಯ ಸೀಟು ಹೊನ್ನಮ್ಮನದಾಯಿತು. ವಾರಕ್ಕೊಮ್ಮೆ ಬರುತ್ತಿದ್ದ ಅಳಿಯನನ್ನು ವಾರದ ಮಧ್ಯದಲ್ಲೂ ಕರೆಯತೊಡಗಿದರು.

ಹೀಗೆ ಅತ್ತೆಯ ಮನೆಯ ಜಗುಲಿಯಲ್ಲಿ ಚಾ ಕುಡಿಯುತ್ತ, ಹೆದ್ದಾರಿಯ ಬಲತಿರುವುಗಳ ಕುರಿತು ಗಾಂವಕರರು ಉಪನ್ಯಾಸ ಮಾಡುತ್ತಿದ್ದಾಗ ಸುಜಯ ನಾಯ್ಕ ಬಂದ. ಸುಜಯ ಅವರ್ಸಾದ ಎಲ್ಲ ಹೋರಾಟ ಸಮಿತಿಗಳ ಅಧ್ಯಕ್ಷ. ಬಂದರು ಬೇಕೆನ್ನುವ ಸಮಿತಿಗೂ ಅವನೇ, ಬೇಡವೆನ್ನುವ ಸಮಿತಿಗೂ ಅವನೇ. ಆ ತಿಂಗಳು ಯಾವ ಹೋರಾಟವೂ ಇಲ್ಲದೆ ಅವನ ಬಿಳಿ ಜುಬ್ಬಾ ಮಡಿಕೆ ಮುರಿಯದೆ ಕಪಾಟಿನಲ್ಲಿತ್ತು.

"ರಸ್ತೆ ಶಬ್ದ ಮಾಡ್ತದೆಯಾ? ಎಲ್ಲಿ, ಕೇಳ್ಸಿ ಕಾಂಬ," ಎಂದು ಕಾರು ಹತ್ತಿದ.

ಹಾರವಾಡದವರೆಗೆ ಹೋಗಿ ಬಂದರು. ಸುಜಯನ ಮುಖದಲ್ಲಿ ತೇಜಸ್ಸು ಮೂಡಿತು. "ಹೌದು ರಾಮಣ್ಣ! ಇಡೀ ರಸ್ತೆ ಗುಂಯ್‌ಗುಡ್ತದೆ. ಒಳಗೆ ಪೊಳ್ಳು ಬಿಟ್ಟಿದಾರೆ. ಮೇಲೆ ಡಾಂಬರು, ಅಡಿಗೆ ಬರೀ ಗಾಳಿ!"

'ಪೊಳ್ಳು' ಎಂಬುದು ಗಾಂವಕರರಿಗೂ ಹೊಸ ವಿಷಯ. ಆದರೆ ಕೇಳಿದ ಕೂಡಲೇ ತಾವು ಮೊದಲಿನಿಂದ ಹೇಳುತ್ತಿದ್ದದ್ದೂ ಅದೇ ಎಂದು ಅವರಿಗೆ ಅನಿಸಿತು.

ಸುಜಯ ಕಾರಿನೊಳಗಿನಿಂದ ತೆಗೆದ ವಿಡಿಯೋ ಮರುದಿನ ಕಾರವಾರದಿಂದ ಅಂಕೋಲೆಯವರೆಗೆ ಎಲ್ಲರ ಫೋನಿನಲ್ಲಿತ್ತು. ಆಮೇಲೆ ಜನರಿಗೆ ಕೇಳಿಸತೊಡಗಿತು. ತೋಡೂರಿನಲ್ಲಿ ಒಬ್ಬರ ಮನೆಯ ಗೋಡೆ ಹಳೆಯ ಕಾಲದಿಂದ ಬಿರುಕು ಬಿಟ್ಟಿತ್ತು. ಅದು ಗುಂಯ್ ಶಬ್ದಕ್ಕೆ ಬಿಟ್ಟದ್ದೆಂದು ಈಗ ತಿಳಿಯಿತು. ಹಾರವಾಡದ ಮೀನುಗಾರರು ಬಂಗಡೆ ದಡ ಬಿಟ್ಟು ದೂರ ಹೋದದ್ದಕ್ಕೆ ಕಾರಣ ಹುಡುಕುತ್ತಿದ್ದರು; ಸಿಕ್ಕಿತು. ಒಬ್ಬ ನಿವೃತ್ತ ಮಾಸ್ತರರು ರಸ್ತೆಯ ಮೇಲೆ ಟವೆಲು ಹಾಸಿ, ಕಿವಿಯನ್ನು ಡಾಂಬರಿಗೆ ಒತ್ತಿ ಮಲಗಿದರು. ಇತ್ತ ಲಾರಿಗಳು ಸಾಲಾಗಿ ನಿಂತು ಹಾರ್ನ್ ಹೊಡೆದವು. ಮಾಸ್ತರರು ಎದ್ದು, "ಕೇಳ್ತದೆ, ಆದರೆ ಈ ಹಾರ್ನುಗಳ ಮಧ್ಯೆ ಸ್ಪಷ್ಟವಿಲ್ಲ" ಎಂದು ವರದಿ ಕೊಟ್ಟರು. ಪೊಲೀಸರು ಬಂದರು. ಬಂದವರಲ್ಲಿ ಒಬ್ಬನಿಗೆ ಬೂಟಿನ ಮೂಲಕವೇ ಶಬ್ದ ಹತ್ತಿತಂತೆ.

ಎಲ್ಲರಿಗೂ ಕೇಳಿಸಿತು, ಹೀರಾಳೊಬ್ಬಳನ್ನು ಬಿಟ್ಟು. ಅವಳಿಗೆ ಅದು ತಮ್ಮ ಕಾರಿನೊಳಗೆ ಮಾತ್ರ ಕೇಳುತ್ತಿತ್ತು. ಬಸ್ಸಿನಲ್ಲಿ ಹೋದಾಗ ಕೇಳುತ್ತಿರಲಿಲ್ಲ. ಇದನ್ನು ಗಂಡನಿಗೆ ಹೇಳಿದಳು.

"ಬಸ್ಸಿನಲ್ಲಿ ಜನ ಮಾತಾಡ್ತಾರೆ," ಎಂದರು ಗಾಂವಕರರು.

ಸಮಿತಿ ಹುಟ್ಟಿತು. ಸುಜಯ ಅಧ್ಯಕ್ಷ, ಗಾಂವಕರರು 'ಶಬ್ದ ಸಂಶೋಧಕರು'. ಮೊದಲ ಸಭೆಯಲ್ಲಿ ಹೀರಾ ಎದ್ದು ನಿಂತು, ಅವರ್ಸಾದ ಬಸ್ ಸ್ಟಾಪಿನ ಹತ್ತಿರ ಚರಂಡಿ ಇಲ್ಲದೆ ಪ್ರತಿ ಮಳೆಗಾಲ ಹೆದ್ದಾರಿಯ ನೀರೆಲ್ಲ ತನ್ನ ಅಬ್ಬೆಯ ಅಂಗಳಕ್ಕೆ ನುಗ್ಗುತ್ತದೆ, ಶಾಲೆಯ ಮಕ್ಕಳು ಮೊಣಕಾಲು ನೀರಿನಲ್ಲಿ ನಡೆಯುತ್ತವೆ, ಅದನ್ನೂ ಬೇಡಿಕೆಯಲ್ಲಿ ಸೇರಿಸಿ ಎಂದಳು.

"ಅಕ್ಕಾ, ಚರಂಡಿ ಎಲ್ಲಾ ಊರಲ್ಲೂ ಇಲ್ಲ," ಎಂದ ಸುಜಯ, ತಾಳ್ಮೆಯಿಂದ. "ಗುಂಯ್ ನಮ್ಮಲ್ಲಿ ಮಾತ್ರ ಅದೆ."

ಚರಂಡಿಗಾಗಿ ವರ್ಷಗಟ್ಟಲೆ ಕರೆದರೂ ಬಾರದಿದ್ದ ಹೆದ್ದಾರಿಯ ಇಂಜಿನಿಯರರು ಗುಂಯ್‌ಗಾಗಿ ವಾರದೊಳಗೆ ಬಂದರು. ಚರಂಡಿಗಾದರೆ ಮಣ್ಣು ಅಗೆಯಬೇಕು. ಇದಕ್ಕೆ ಕಿವಿ ಕೊಟ್ಟರೆ ಸಾಕು. ಮಧುಕೇಶ್ವರ ಹೆಗಡೆ ಎಂದು ಅವರ ಹೆಸರು. ಘಟ್ಟದ ಮೇಲಿನವರು, ಮೃದು ಮಾತಿನವರು, ಯಾವ ಪ್ರಶ್ನೆಗೂ 'ಇಲ್ಲ' ಎನ್ನದೆ ಇಡೀ ಸೇವಾವಧಿ ಕಳೆದವರು.

ತಮ್ಮ ಜೀಪಿನಲ್ಲಿ ಒಮ್ಮೆ ಹೋಗಿ ಬಂದರು. ಶಬ್ದವಿಲ್ಲ. "ಸರ್ಕಾರಿ ಜೀಪಿಗೆ ಎಲ್ಲಿ ಕೇಳ್ತದೆ!" ಎಂದು ಜನ ಗದ್ದಲ ಮಾಡಿದರು. ಆಗ ಗಾಂವಕರರ ಕಾರಿನ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಲಾಯಿತು. ಹಿಂದೆ ಬಲಗಡೆ ಹೀರಾ. ಎಡಗಡೆ, ಎಷ್ಟು ಹೇಳಿದರೂ ಇಳಿಯದೆ, ಹೊನ್ನಮ್ಮ. ಕಾರಿನ ಹಿಂದೆ ಸಮಿತಿಯ ಬೈಕುಗಳು, ಧ್ವಜಗಳು.

ವೇಗ ಏರಿತು. ಗುಂಯ್ ಎದ್ದಿತು. ಹೆಗಡೆಯವರು ತಲೆ ಓರೆ ಮಾಡಿ ಕೇಳಿದರು. "ಗೇರು ತೆಗೆದು ಹಾಗೇ ಉರುಳಲಿಕ್ಕೆ ಬಿಡಿ," ಎಂದರು. ಎಂಜಿನ್ನಿನ ದನಿ ಇಳಿಯಿತು. ಗುಂಯ್ ಹಾಗೇ ಇತ್ತು. "ಈಗ ಸ್ವಲ್ಪ ಬಲಕ್ಕೆ ತಿರುಗಿಸಿ. ಈಗ ಎಡಕ್ಕೆ." ರಾಗ ಏರಿತು, ಇಳಿಯಿತು. ಅವರ ತುಟಿಯಲ್ಲಿ ಒಂದು ಸಣ್ಣ ನಗು ಬಂದು, ಹಿಂದಿನ ಬೈಕುಗಳನ್ನು ಕನ್ನಡಿಯಲ್ಲಿ ಕಂಡು, ಹಾಗೇ ಮಾಯವಾಯಿತು.

ಕಾರು ನಿಂತ ಮೇಲೆ ಹೆಗಡೆಯವರು ಚಪ್ಪಲಿಯ ಕಲ್ಲು ಕೊಡವುವವರಂತೆ ಬಗ್ಗಿ, ಹಿಂದಿನ ಎಡಚಕ್ರದ ನಡುಮಧ್ಯೆ ಬೆರಳು ಮುಟ್ಟಿಸಿ, ಬಿಸಿ ತಗಲಿ ಥಟ್ಟನೆ ಕೈ ಹಿಂತೆಗೆದರು. ಆಮೇಲೆ ಎದ್ದು ಜನರ ಕಡೆ ತಿರುಗಿದರು.

"ಶಬ್ದ ಇದೆ. ಇದನ್ನು ನಾನು ನಿರಾಕರಿಸುವುದಿಲ್ಲ."

ಚಪ್ಪಾಳೆ ಬಿತ್ತು. ಸುಜಯನಿಗೆ ಯಾರೋ ಹಾರ ಹಾಕಿದರು.

"ರಸ್ತೆಯ ಮೇಲ್ಮೈ ಪರಿಶೀಲಿಸಿ, ಸೂಕ್ತ ಕ್ರಮ ಕೈಗೊಂಡು, ಶಬ್ದವನ್ನು ಹತೋಟಿಗೆ ತರಲಾಗುವುದು."

ಮತ್ತೂ ಚಪ್ಪಾಳೆ. ಗದ್ದಲ ಮುಗಿದ ಮೇಲೆ ಹೆಗಡೆಯವರು ಗಾಂವಕರರ ಹೆಗಲ ಮೇಲೆ ಕೈ ಹಾಕಿ ಒಂದು ತೆಂಗಿನ ಮರದ ಬುಡಕ್ಕೆ ಕರೆದೊಯ್ದರು.

"ನೋಡಿ ಗಾಂವಕರ್ರೆ, ನಾವು ರಸ್ತೆ ಸರಿ ಮಾಡ್ತೇವೆ. ಅದೇ ಹೊತ್ತಿಗೆ ನೀವೂ ಒಂದು ಸಲ ಗಾಡಿಯನ್ನು ಜ್ಯಾಕಿಗೆ ಹಾಕಿಸಿ ಹಿಂದಿನ ಎಡಚಕ್ರ ಅಲ್ಲಾಡಿಸಿ ನೋಡಿ."

"ಎಂತಕ್ಕೆ?"

"ಎರಡೂ ಒಟ್ಟಿಗೆ ಆದ್ರೆ ಯಾರಿಗೂ ಮುಜುಗರ ಇಲ್ಲ. ನಿಮಗೂ ಇಲ್ಲ, ನಮಗೂ ಇಲ್ಲ." ಅವರು ನಮಸ್ಕಾರ ಮಾಡಿ ಜೀಪು ಹತ್ತಿದರು.

ಗಾಂವಕರರಿಗೆ ಆ ಮಾತು ಅರ್ಥವಾಗಲಿಲ್ಲ. ಹಿಂದೆ ನಿಂತು ಕೇಳಿಸಿಕೊಂಡಿದ್ದ ಹೀರಾಳಿಗೆ ಪೂರ್ತಿ ಅರ್ಥವಾಯಿತು. ಮರುದಿನ ಬೆಳಿಗ್ಗೆ ಅವಳೇ ಕಾರಿನ ಕೀಲಿಕೈ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತಳು. "ಭಾಸ್ಕರನ ಗ್ಯಾರೇಜಿಗೆ ನಡೀರಿ. ಇಲ್ಲಾದ್ರೆ ನಾನೇ ದೂಡ್ಕೊಂಡು ಹೋತೆ."

ಭಾಸ್ಕರ ಎಂದಿನಂತೆ ತಿರುಗಿ ನೋಡದೆ, "ಬೇರಿಂಗ್ ಹೋಗಿದೆ," ಎಂದ.

"ಹೌದು, ತೆಗೆದು ತೋರ್ಸು," ಎಂದಳು ಹೀರಾ.

ಭಾಸ್ಕರ ಗಾಬರಿಯಾದ. ಇಷ್ಟು ವರ್ಷದಲ್ಲಿ ಗಿರಾಕಿಯೊಬ್ಬರು ಅವನ ಮಾತಿಗೆ ಹೌದು ಎಂದದ್ದು ಇದೇ ಮೊದಲು. ಜ್ಯಾಕು ಕೊಟ್ಟು ಹಿಂದಿನ ಎಡಚಕ್ರ ಎತ್ತಿದ. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಚಕ್ರ 'ಕಟ್ ಕಟ್' ಎಂದು ಮುದುಕರ ಹಲ್ಲಿನಂತೆ ಆಡಿತು. ಕೈಯಿಂದ ತಿರುಗಿಸಿದ. ಒಳಗೆ ಯಾರೋ ಮರಳು ರುಬ್ಬುತ್ತಿದ್ದಂತೆ 'ಗರ್ರ್' ಎಂದಿತು. ಬಲಗಡೆಯ ಚಕ್ರವನ್ನೂ ಎತ್ತಿ ತಿರುಗಿಸಿದ. ಅದು ಬೆಣ್ಣೆಯಂತೆ ತಿರುಗಿತು. ಭಾಸ್ಕರ ಕೈಗೆ ಹತ್ತಿದ್ದ ಗ್ರೀಸನ್ನೂ ಮರೆತು ಗೋಡೆಯ ಮೇಲಿದ್ದ ಗಣಪತಿಯ ಪಟಕ್ಕೆ ಕೈಮುಗಿದ.

"ಅರೇ ಬಾಬಾ! ಖರೇನೇ ಬೇರಿಂಗ್!"

ಚಕ್ರ ಬಿಚ್ಚಿ, ಅದರ ನಡುವಿನ ಹಬ್‌ನಿಂದ ಹಳೆಯ ಬೇರಿಂಗನ್ನು ಒತ್ತಿ ಹೊರತೆಗೆದಾಗ ಅದರ ಗ್ರೀಸೆಲ್ಲ ತುಕ್ಕಿನ ನೀರಾಗಿ ಹರಿದುಹೋಗಿತ್ತು. ಒಳಗಿನ ಉಕ್ಕಿನ ಗುಂಡುಗಳಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಒಂದು ಗುಂಡಂತೂ ಒಡೆದು ಅರ್ಧವಾಗಿತ್ತು.

"ಇನ್ನೂ ಸ್ವಲ್ಪ ದಿವ್ಸ ಓಡ್ಸಿದ್ರೆ ಚಕ್ರ ಜಾಮ್ ಆಗ್ತಿತ್ತು. ಇಲ್ಲಾ ಬಿಚ್ಚ್ಕೊಂಡೇ ಹೋಗ್ತಿತ್ತು, ಬಾಬಾ. ಹಿಂದೆ ಆ ಕಡೆ ಯಾರು ಕೂರ್ತಿದ್ರು?"

ಹೀರಾ ಆ ಒಡೆದ ಗುಂಡನ್ನು ಅಂಗೈಯಲ್ಲಿ ಹಿಡಿದು ನೋಡುತ್ತ ನಿಂತಳು. ಅವಳ ಅಬ್ಬೆ ಇಷ್ಟು ದಿನ ಇದರ ಮೇಲೆ ಕೂತು, ಹಿತವಾಗಿ ಕಣ್ಣು ಮುಚ್ಚಿ, ಇನ್ನೂ ಜೋರಾಗಿ ಬಿಡಿ ಎನ್ನುತ್ತಿದ್ದಳು. ಅಳಿಯ ಬಿಡುತ್ತಿದ್ದ.

"ಇದು... ಈ ಬೇರಿಂಗ್ ಹಾಳಾದದ್ದು ರಸ್ತೆಯ..." ಎಂದು ಗಾಂವಕರರು ಶುರು ಮಾಡಿದರು.

ಹೀರಾ ತಲೆಯೆತ್ತಿ ನೋಡಿದಳು.

ಮದುವೆಯಾದಂದಿನಿಂದ ಮೊದಲ ಸಲ ಗಾಂವಕರರು ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದರು.

ಹೊಸ ಬೇರಿಂಗ್ ಬಂತು. ಹಳೆಯ ಹಬ್ ಕೂಡ ಸವೆದಿದೆ ಎಂದು ಭಾಸ್ಕರ ಅದನ್ನೂ ಹೊಸದೇ ಹಾಕಿದ. ಕಾರು ಬೆಕ್ಕಿನಂತೆ ಸದ್ದಿಲ್ಲದೆ ಓಡಿತು. ತನ್ನ ವಿಜಯವನ್ನು ಭಾಸ್ಕರ ಶಿರವಾಡದ ಪ್ರತಿಯೊಬ್ಬರಿಗೂ ನಿಲ್ಲಿಸಿ ನಿಲ್ಲಿಸಿ ಹೇಳಿದ: "ಗಾಂವಕರರ ಗಾಡಿದು ಬೇರಿಂಗ್ ಹೋಗಿತ್ತು!" ಎಲ್ಲರೂ "ಹೌದಪ್ಪಾ, ಹೌದು" ಎಂದು ನಕ್ಕು ಮುಂದೆ ಹೋದರು.

ಅದೇ ವಾರ ಹೆದ್ದಾರಿಯವರು ಬಂದು ತೋಡೂರಿನಿಂದ ಅವರ್ಸಾದವರೆಗೆ ರಸ್ತೆ ಗುಡಿಸಿದರು, ಬಿಳಿ ಪಟ್ಟಿ ಎಳೆದರು, 'ಶಬ್ದ ನಿಯಂತ್ರಿತ ವಲಯ' ಎಂದು ಹಸಿರು ಬೋರ್ಡು ನೆಟ್ಟರು. ಬೋರ್ಡು ನೆಟ್ಟದ್ದು ಸರಿಯಾಗಿ ಆ ಇಲ್ಲದ ಚರಂಡಿಯ ಜಾಗದಲ್ಲಿ. ಸುಜಯ ಗಾಂವಕರರ ಕಾರಿನಲ್ಲಿ ಕೂತು ಪರೀಕ್ಷೆ ಮಾಡಿದ. ಹಾರವಾಡಕ್ಕೆ ಹೋದರೂ ನಿಶ್ಶಬ್ದ, ಬಂದರೂ ನಿಶ್ಶಬ್ದ. ಅವನ ಕಣ್ಣಲ್ಲಿ ನೀರು ತುಂಬಿತು.

"ಗೆದ್ವು ರಾಮಣ್ಣ!"

ಸೋತವರು ಹೊನ್ನಮ್ಮ ಒಬ್ಬರೇ. ಅಂಕೋಲೆಯವರೆಗೆ ಹೋಗಿ ಬಂದರೂ ಸೀಟು ನಡುಗಲಿಲ್ಲ. "ಹೋಗ್ಲಿ ಬಿಡಿ, ಒಳ್ಳೆ ಗಾಡಿನ ಹಾಳ್ ಮಾಡಿದ್ರಿ," ಎಂದು ಸೊಂಟ ಹಿಡಿದುಕೊಂಡು ಇಳಿದರು.

ತೋಡೂರಿನ ಗೋಡೆಯ ಬಿರುಕು ಕೂಡುತ್ತಾ ಬಂದಿದೆಯೆಂದು ಸುದ್ದಿ ಬಂತು. ಬಂಗಡೆ ಮರಳಿ ದಡಕ್ಕೆ ಬಂದವು. ಅವರ್ಸಾದ ಶಾಲೆಯ ಅಂಗಳದಲ್ಲಿ ವಿಜಯೋತ್ಸವ ಏರ್ಪಾಡಾಯಿತು. ಹೆಗಡೆಯವರಿಗೂ ಆಹ್ವಾನ ಹೋಗಿತ್ತು. ಮೀಟಿಂಗು ಎಂದು ತಪ್ಪಿಸಿಕೊಂಡರು. ಗಾಂವಕರರನ್ನು ನಡುಕುರ್ಚಿಯಲ್ಲಿ ಕೂರಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ತಲೆಗೆ ಜರಿಯ ಪೇಟ ಇಟ್ಟರು. ಪೇಟ ಸ್ವಲ್ಪ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯುತ್ತಿತ್ತು. ಅದರ ಅಡಿಯಿಂದ ಅವರು ಮೊದಲ ಸಾಲಿನಲ್ಲಿ ಕೂತ ಹೀರಾಳನ್ನು ನೋಡದಿರಲು ಪ್ರಯತ್ನಿಸುತ್ತಿದ್ದರು. ಇದೊಂದು ದಿನ ಹೇಗಾದರೂ ಕಳೆದರೆ ಎಲ್ಲರೂ ಮರೆಯುತ್ತಾರೆ, ನಾನೂ ಮರೆಯುತ್ತೇನೆ ಎಂಬುದು ಅವರ ಲೆಕ್ಕಾಚಾರ.

ಸುಜಯ ಮೈಕು ಹಿಡಿದ.

"ಬಂಧುಗಳೇ, ಇದು ಮುಗಿದ ಹೋರಾಟ ಅಲ್ಲ! ಇತ್ತ ಸರಿ ಆಯ್ತು, ಅತ್ತ ಕಾರವಾರದಿಂದ ಮಾಜಾಳಿ ಗಡಿವರೆಗೆ ಗುಂಯ್ ಹಾಗೇ ಅದೆ! ಅದು ನಿಲ್ಲೂವರೆಗೆ ನಾವು ಬಿಡೂದಿಲ್ಲ. ನಾಳೆ ಬೆಳಿಗ್ಗೆಯಿಂದ ಬಸ್ ಸ್ಟಾಪಿನ ಆ ಹಸಿರು ಬೋರ್ಡಿನ ಅಡಿಗೆ ಆಮರಣ ಉಪವಾಸ!"

ಜನ ಹುರ್ರೆ ಎಂದರು.

"ಉಪವಾಸಕ್ಕೆ ಕೂರೂರು ಯಾರು ಗೊತ್ತಾ? ನಮ್ಮ ಹೆಮ್ಮೆಯ ರಾಮಣ್ಣ ಗಾಂವಕರ್ರು!"

ಚಪ್ಪಾಳೆಗೆ ಕಾಗೆಗಳು ಹಾರಿದವು. ಗಾಂವಕರರು ತೊಡೆಯ ಮೇಲಿದ್ದ ಹಣ್ಣಿನ ಬುಟ್ಟಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡರು. ಅವರು ಸಂಕಷ್ಟಿಯ ದಿನವೇ ಬೆಳಿಗ್ಗೆ ಅವಲಕ್ಕಿ ತಿಂದು, ಹನ್ನೊಂದಕ್ಕೆ ಬಾಳೆಹಣ್ಣು ತಿಂದು, ಸಂಜೆಗೆ ಮೊದಲೇ ಚಂದ್ರ ಬಂದನಾ ಎಂದು ಕೇಳುವವರು. ಮೀನುಸಾರಿಗೆ ಉಪ್ಪು ಕಮ್ಮಿಯಾದರೂ ಜೀವನದಲ್ಲಿ ಅರ್ಥವಿಲ್ಲ ಎನ್ನುವವರು. ಹೆಂಡತಿ ಹೇಳಿದಾಗ ಬಾರದ ಸತ್ಯ, ಇಂಜಿನಿಯರರು ಸೂಚಿಸಿದಾಗ ಬಾರದ ಸತ್ಯ, ಒಡೆದ ಗುಂಡನ್ನು ಕಂಡಾಗ ಗಂಟಲವರೆಗೆ ಬಂದು ನಿಂತ ಸತ್ಯ, ಈಗ ಹೊಟ್ಟೆಯಿಂದ ನೇರವಾಗಿ ಎದ್ದು ಬಂತು.

ಎದ್ದು ನಿಂತು ಮೈಕು ಕಸಿದುಕೊಂಡರು. ಪೇಟ ಕೆಳಗೆ ಬಿತ್ತು.

"ರಸ್ತೆಗೆ ಎಂಥದೂ ಆಗಿರ್ಲಿಲ್ಲ! ನನ್ನ ಗಾಡಿದು ಬೇರಿಂಗ್ ಹೋಗಿತ್ತು! ಹಿಂದಿನ ಎಡಚಕ್ರದ್ದು! ಹೊಸದು ಹಾಕ್ಸ್ದೆ, ಶಬ್ದ ನಿಂತಿತು. ಅಷ್ಟೇ!"

ಹೀರಾ ಗಂಡನನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಎಲ್ಲೋ ಹಿಂದಿನಿಂದ ಒಬ್ಬರು, "ಎಂಥಾ ವಿನಯ! ಎಲ್ಲಾ ತನ್ನ ಮೇಲೆ ಹಾಕ್ಕೊಳ್ತಾರೆ," ಎಂದರು.

"ವಿನಯ ಅಲ್ಲ ಮಾರಾಯಾ! ಖರೇ!" ಎಂದು ಕಿರುಚಿದರು ಗಾಂವಕರರು. "ಭಾಸ್ಕರನ ಹತ್ರ ಕೇಳಿ ಬೇಕಾದ್ರೆ! ಅವ ಮೊದಲೇ ಹೇಳಿದ್ದ!"

ಭಾಸ್ಕರನ ಹೆಸರು ಕೇಳಿ ನಗು ಎದ್ದಿತು. ಆ ನಗುವಿನ ಮಧ್ಯೆ ನಿವೃತ್ತ ಮಾಸ್ತರರು ಎದ್ದು ನಿಂತರು. ರಸ್ತೆಯ ಮೇಲೆ ಮಲಗಿ ಕಿವಿಯಾರೆ ಕೇಳಿದ ಶಬ್ದವನ್ನು ಯಾರೋ ಬೇರಿಂಗೆಂದರೆ ಅವರು ಸಹಿಸುವವರಲ್ಲ.

"ಹಾಗಾದ್ರೆ ನಾವೆಲ್ಲಾ ಕಿವಿ ಇಲ್ಲದವರಾ? ನಿನ್ನೆ ಮೊನ್ನೆವರೆಗೆ ರಸ್ತೆ ಅಂದವರು ಇವತ್ತು ಬೇರಿಂಗ್ ಅಂತಾರೆ ಅಂದ್ರೆ, ಮಧ್ಯದಲ್ಲಿ ಎಂಥಾ ಆಯ್ತು? ಆ ಇಂಜಿನಿಯರು ಇವರನ್ನು ತೆಂಗಿನ ಮರದ ಬುಡಕ್ಕೆ ಕರ್ಕೊಂಡು ಹೋಗಿ ಎಂಥಾ ಹೇಳಿದ್ದು?"

ಎಲ್ಲರಿಗೂ ಆ ತೆಂಗಿನ ಮರ ನೆನಪಾಯಿತು. ನಾಲ್ಕು ಜನ ಓಡಿಹೋಗಿ ಗಾಂವಕರರ ಕಾರಿನಡಿಗೆ ಬಗ್ಗಿ ನೋಡಿ ಬಂದರು.

"ಹೌದು! ಆ ಚಕ್ರದ ಒಳಗೆ ಎಲ್ಲಾ ಹೊಸದು ಹಾಕ್ಸಿ ಕೊಟ್ಟಿದಾರೆ! ಫಳಫಳ ಅಂತದೆ!"

"ರಸ್ತೆ ಮಾಡಿದ ಕಂಪನಿಯವರದ್ದೇ ಕೆಲ್ಸ!"

"ಮಾರಾಟ ಆದ ಮನ್ಷ್ಯ!"

ಸತ್ಯ ಹೇಳಿದ್ದಕ್ಕೆ ಇಷ್ಟು ಬೇಗ ಶಾಲು ವಾಪಸು ಪಡೆಯುವ ಪದ್ಧತಿ ಇದೆಯೆಂದು ಗಾಂವಕರರಿಗೆ ತಿಳಿದಿರಲಿಲ್ಲ. ಹಣ್ಣಿನ ಬುಟ್ಟಿಯೂ ಹೋಯಿತು. ಹೀರಾ ವೇದಿಕೆಯ ಹತ್ತಿರ ಬಂದು, "ನನ್ನ ಗಂಡ ಇಷ್ಟು ವರ್ಷದಲ್ಲಿ ಒಂದೇ ಒಂದು ಖರೇ ಮಾತು ಹೇಳಿದಾರೆ, ಅದನ್ನಾದ್ರೂ ನಂಬಿ!" ಎಂದಳು. ಅದರಿಂದ ಅವರ ಸ್ಥಿತಿ ಸುಧಾರಿಸಲಿಲ್ಲ.

ಸುಜಯ ಕೈಯೆತ್ತಿ ಜನರನ್ನು ಸುಮ್ಮನಾಗಿಸಿದ. "ಸಾಕ್ಷಿ ಬೇಕಾ? ಕೊಡ್ತೆ. ಈ ರಾಮಣ್ಣನ ಗಾಡಿ ಕಂಪನಿಯವರ ಕೈಗೆ ಹೋಯ್ತು, ನನ್ನ ಗಾಡಿ ಹೋಗ್ಲಿಲ್ಲ. ನನ್ನ ಗಾಡಿಲಿ ಗುಂಯ್ ಇವತ್ತಿಗೂ ಕೇಳ್ತದೆ! ಇತ್ತ ಸರಿ ಆಯ್ತು ಅಂದದ್ದು ನಾನು ಇವರ ಗಾಡಿಲಿ ಕೂತು ಮೋಸ ಹೋಗಿ! ಹತ್ತಿ ರಾಮಣ್ಣ. ಎಲ್ಲರ ಎದ್ರಿಗೆ ಆಗ್ಲಿ."

ಗಾಂವಕರರನ್ನು ತಳ್ಳಿ ಸುಜಯನ ದೊಡ್ಡ ಬಿಳಿ ಕಾರಿನಲ್ಲಿ ಕೂರಿಸಿದರು. ಹೀರಾ ತಾನೇ ಬಾಗಿಲು ತೆಗೆದು ಹಿಂದೆ ಕೂತಳು. ಹಿಂದಿನಿಂದ ಬೈಕುಗಳು, ರಿಕ್ಷಾಗಳು, ಒಂದು ಟೆಂಪೋ ತುಂಬ ಜನ.

ಹೆದ್ದಾರಿ ಸೇರಿ ವೇಗ ಏರಿತು. ಗುಂಯ್ ಎಂದು ಶುರುವಾಯಿತು. ಗಾಂವಕರರ ಕಾರಿನದ್ದು ರಾಗವಾಗಿದ್ದರೆ ಇದು ಮೇಳವೇ ಆಗಿತ್ತು. ಗುಂಯ್ ಜೊತೆಗೆ 'ಗರಗರ', ಅದರ ಜೊತೆಗೆ 'ಟಕ್ ಟಕ್'. ಕಾಲಡಿಯ ತಗಡು ನಡುಗುತ್ತಿತ್ತು.

"ಕೇಳ್ತಾ?" ಸುಜಯ ಗೆಲುವಿನಿಂದ ಕೂಗಿದ. "ಮೊದಲಿಂದನೂ ಹೀಗೇ ಕೇಳ್ತದೆ! ಅದ್ಕೇ ನೀವು ಹೇಳಿದ ಕೂಡ್ಲೇ ನಾನು ನಂಬಿದ್ದು!"

ಗಾಂವಕರರು ಕಿವಿಗೊಟ್ಟರು. ರಸ್ತೆ ಎಡಕ್ಕೆ ತಿರುಗಿದಾಗ ಶಬ್ದ ಏರಿತು. ತಮ್ಮ ಎಡಚಕ್ರ ಬಲತಿರುವಿನಲ್ಲಿ ರಾಗ ಏರಿಸುತ್ತಿದ್ದದ್ದು ಅವರಿಗೆ ನೆನಪಾಯಿತು.

"ಸುಜಯಾ, ಗಾಡಿ ನಿಲ್ಸು. ಬೇರಿಂಗ್ ಅದು. ಮುಂದಿಂದು, ಬಲಗಡೆದು."

"ಮತ್ತೆ ಬೇರಿಂಗಾ!"

"ನಿಲ್ಸು ಮಾರಾಯಾ, ಚಕ್ರ ಹೋಗ್ತದೆ!"

"ಎಲ್ಲಿಗೆ ಹೋಗ್ತದೆ? ರಸ್ತೆ ಗುಂಯ್ ಅಂದ್ರೆ ಚಕ್ರ ಎಲ್ಲಿಗೆ—"

ಆಗ ಮುಂದಿನಿಂದ ಸುಟ್ಟ ಎಣ್ಣೆಯ ವಾಸನೆ ಬಂತು. ಹೀರಾ ಹಿಂದಿನಿಂದ ಕೈಚಾಚಿ ಸುಜಯನ ಜುಬ್ಬಾದ ಕಾಲರು ಹಿಡಿದು, "ನಿಲ್ಸಾ ಅಂದೆ!" ಎಂದು ಎಳೆದಳು. ಸುಜಯ ಗಂಟಲು ಬಿಗಿದು ಬ್ರೇಕು ಒತ್ತಿದ. ವೇಗ ಇಳಿದು ಕಾರು ರಸ್ತೆಯ ಅಂಚಿಗೆ ತೆವಳಿತು. ಹಾರವಾಡದ ಬಸ್ ಸ್ಟಾಪಿನ ಎದುರಿಗೆ ಬಂದಾಗ 'ಫಟ್' ಎಂದಿತು. ಮುಂದಿನ ಬಲಚಕ್ರ ದಣಿದ ಎಮ್ಮೆಯ ಕಾಲಿನಂತೆ ಹೊರಕ್ಕೆ ವಾಲಿ, ಹೊಗೆಯಾಡುತ್ತ ನಿಂತಿತು. ಕಾರು ಮೊಣಕಾಲೂರಿತು.

ಎಲ್ಲರೂ ಇಳಿದರು. ಯಾರಿಗೂ ಗೀರೂ ಆಗಿರಲಿಲ್ಲ. ಗಾಂವಕರರು ಹೀರಾಳ ತೋಳು ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಹಿಂದಿನ ಬೈಕು, ರಿಕ್ಷಾ, ಟೆಂಪೋ ಎಲ್ಲ ಬಂದು ಸುತ್ತುಗಟ್ಟಿದವು. ಜನ ವಾಲಿದ ಚಕ್ರ ನೋಡಿದರು, ಹೊಗೆ ನೋಡಿದರು, ಸುಜಯನನ್ನು ನೋಡಿದರು. ಸುಜಯನೂ ಚಕ್ರ ನೋಡಿದ. ಅವನ ಮುಖದ ಮೇಲೆ ಏನೋ ಒಂದು ತಿಳಿವಳಿಕೆ ಸುಳಿದು ಬಂತು. ಆದರೆ ಆಗಲೇ ಎಲ್ಲರೂ ಫೋನು ಎತ್ತಿ ಹಿಡಿದಾಗಿತ್ತು.

ಅವನು ಜುಬ್ಬಾ ಸರಿಮಾಡಿಕೊಂಡು ಕೈ ಮೇಲಕ್ಕೆತ್ತಿದ. "ನೋಡಿ ಬಂಧುಗಳೇ! ರಸ್ತೆ ನಮ್ಮ ಚಕ್ರವನ್ನೇ ತಿಂತು!"

"ತಿಂತು! ತಿಂತು!"

"ಇದಕ್ಕಿಂತ ಸಾಕ್ಷಿ ಬೇಕಾ?"

"ಬೇಡ! ಬೇಡ!"

ಮಾಸ್ತರರು ಟೆಂಪೋದ ಮೇಲೆ ನಿಂತು ಕೂಗಿದರು: "ಆ ಮಾರಾಟ ಆದವನ ಉಪವಾಸ ನಮಗೆ ಬೇಡ! ಚಕ್ರ ಕಳಕೊಂಡವನೇ ಕೂರ್ಲಿ! ಸುಜಯಣ್ಣನೇ ಕೂರ್ಲಿ! ನಾಳೆ ಎಂತಕ್ಕೆ, ಈಗ್ಲೇ!"

"ಸುಜಯಣ್ಣಂಗೆ ಜೈ! ಆಮರಣ ಉಪವಾಸಕ್ಕೆ ಜೈ!"

ಸುಜಯನ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಯಾರೋ ಅವನ ಕೊರಳಿಗೆ ಹಾರ ಹಾಕಿದರು. ಅವನು ಸುತ್ತಲೂ ನಗುತ್ತ, ನಗುತ್ತಲೇ ಹಿಂದೆ ಸರಿದು ಗಾಂವಕರರ ಕಿವಿಯ ಹತ್ತಿರ ಬಾಯಿ ತಂದ.

"ರಾಮಣ್ಣಾ, ನಿಮ್ಮ ಕಾಲಿಗೆ ಬೀಳ್ತೆ. ಬೇರಿಂಗ್ ಅಂತ ಇನ್ನೊಂದ್ಸಲ ಹೇಳಿ ಇವ್ರಿಗೆ."

"ನಾನು ಹೇಳಿದ್ರೆ ಯಾರು ನಂಬ್ತಾರೆ?" ಎಂದರು ಗಾಂವಕರರು. "ನಾನು ಮಾರಾಟ ಆದವ."

ಅವರ್ಸಾ ಕಡೆಯ ಬಸ್ಸು ಜನಸಂದಣಿಗೆ ಸಿಕ್ಕಿ ನಿಂತಿತ್ತು. ಗಾಂವಕರರು ಹೀರಾಳನ್ನು ಮೊದಲು ಹತ್ತಿಸಿ ತಾವೂ ಹತ್ತಿದರು. ಕಿಟಕಿಯಿಂದ ತಿರುಗಿ ನೋಡಿದಾಗ, ಜನ ಸುಜಯನಿಗೆ ಕೂರಲು ಚಾಪೆ ಹಾಸಿ, ಗಾಳಿಗೆ ಹಾರದಂತೆ ಅದರ ನಾಲ್ಕೂ ಮೂಲೆಗೆ ಕಲ್ಲು ಇಡುತ್ತಿದ್ದರು.